ನನ್ನ ಹೆಂಡತಿಗೆ ಸಿಕ್ಕಿದ ಸೀಟು

ಆ ಜಾಹೀರಾತನ್ನು ಮೊದಲು ನೋಡಿದವನು ನಾನು. ಈ ಮಾತನ್ನು ಯಾರು ಕೇಳಲಿ ಬಿಡಲಿ, ಈಗಲೂ ಹೇಳುತ್ತಿರುತ್ತೇನೆ. ಹನೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ನಾನು. ಸ್ಟಾಫ್ ರೂಮಿನ ಕಿಟಕಿಯ ಹತ್ತಿರ ಮಾತ್ರ ಸಿಗ್ನಲ್ ಸಿಗುತ್ತದೆಂದು ಊಟದ ಬಿಡುವಿನಲ್ಲಿ ಮೊಬೈಲು ಹಿಡಿದು ಅಲ್ಲಿ ನಿಂತಿದ್ದೆ. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆ ಪಿಎಚ್‌ಡಿಗೆ ಅರ್ಜಿ ಕರೆದಿತ್ತು. ವಿಷಯ, ದೂರಸಂವೇದನೆ ಮತ್ತು ಉಪಕರಣಗಳ ಕ್ಯಾಲಿಬ್ರೇಷನ್. ಮೇಲೆ ಸುತ್ತುವ ಉಪಗ್ರಹ ನೆಲದಿಂದ ಬರುವ ಬೆಳಕನ್ನು ಅಳೆದು ಕಳಿಸುತ್ತದಲ್ಲ, ಆ ಅಳತೆ ಸರಿಯಿದೆಯೋ ಇಲ್ಲವೋ ಎಂದು ನೆಲದ ಮೇಲೆ ನಿಂತು ತಾಳೆ ನೋಡುವ ಕೆಲಸ. ಭೌತಶಾಸ್ತ್ರದಲ್ಲಿ ಎಂಎಸ್ಸಿ ಆಗಿರಬೇಕು, ಪ್ರವೇಶ ಪರೀಕ್ಷೆ ಬರೆಯಬೇಕು, ಆಮೇಲೆ ಸಂದರ್ಶನ. ಆಯ್ಕೆಯಾದವರಿಗೆ ತಿಂಗಳು ತಿಂಗಳು ಫೆಲೋಶಿಪ್.

ಎಂಎಸ್ಸಿ ಮುಗಿಸಿದಾಗಿನಿಂದ ನನಗೆ ಇದ್ದ ಆಸೆ ಅದೊಂದೇ. ಬಿ.ಎಡ್. ಮಾಡಿದ್ದು, ಮೇಷ್ಟ್ರಾದದ್ದು ಎಲ್ಲ ಸದ್ಯಕ್ಕೆ ಎಂದುಕೊಂಡೇ ಮಾಡಿದ್ದು. ಸದ್ಯಕ್ಕೆ ಎಂದುಕೊಂಡದ್ದರಲ್ಲೇ ತಲೆ ನರೆಯಲು ಶುರುವಾಗಿತ್ತು.

ಸಂಜೆ ಕೊಳ್ಳೇಗಾಲದ ಮನೆಗೆ ಬಂದು ಹೆಂಡತಿಗೆ ತೋರಿಸಿದೆ. ಅವಳೂ ಭೌತಶಾಸ್ತ್ರವೇ. ಯಳಂದೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುತ್ತಿದ್ದಳು. ಹೆಸರಿಗೆ ಅತಿಥಿ, ಕೆಲಸ ಮನೆಯವರಿಗಿಂತ ಹೆಚ್ಚು. ಅವಳು ಒಂದು ಕೈಯಲ್ಲಿ ಮಗಳ ಜಡೆ ಹಿಡಿದುಕೊಂಡೇ ಪೂರ್ತಿ ಓದಿದಳು.

"ನೀವು ಹಾಕ್ತೀರಾ?" ಎಂದಳು.

"ಹಾಕ್ದೆ ಬಿಡ್ತೀನಾ?"

"ಹಂಗಾದ್ರೆ ನಾನೂ ಒಂದು ಹಾಕ್ಲಾ? ಜೊತೇಲಿ ಓದ್ಕೋಬಹುದು. ನಿಮಗೂ ಬೇಜಾರಾಗಲ್ಲ."

"ಹಾಕು, ಹೋಗೋದೇನು" ಎಂದೆ. ನನ್ನ ಓದಿಗೆ ಒಂದು ಜೊತೆ ಸಿಕ್ಕಿತು ಎಂದಷ್ಟೇ ಆಗ ನನಗೆ ಅನಿಸಿದ್ದು.

ಬೆಳಗ್ಗೆ ಮಗಳು ಏಳುವ ಮುಂಚೆ ಇಬ್ಬರೂ ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತು ಓದುತ್ತಿದ್ದೆವು. ಮರೆತುಹೋಗಿದ್ದ ಸೂತ್ರಗಳನ್ನೆಲ್ಲ ನಾನೇ ಅವಳಿಗೆ ಹೇಳಿಕೊಟ್ಟೆ. ಅವಳು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳುವಾಗ ನನಗೆ ಖುಷಿಯಾಗುತ್ತಿತ್ತು. ಅವಳ ಪ್ರಶ್ನೆಗಳು ಬರಬರುತ್ತ ಕಷ್ಟವಾಗುತ್ತಿದ್ದವು. ಅದನ್ನು ನಾನು ಅಷ್ಟಾಗಿ ಗಮನಿಸಲಿಲ್ಲ. ಪರೀಕ್ಷೆಯಲ್ಲಿ ಇಬ್ಬರೂ ಪಾಸಾದೆವು. ಇಬ್ಬರಿಗೂ ಒಂದೇ ದಿನ ಸಂದರ್ಶನಕ್ಕೆ ಕರೆ ಬಂತು. ಆ ವಿಷಯಕ್ಕೆ ಇದ್ದದ್ದು ಮಾತ್ರ ಒಂದೇ ಸೀಟು.

ಸಂದರ್ಶನದಲ್ಲಿ ನನ್ನನ್ನು ಮೊದಲು ಕರೆದರು. ಉದ್ದನೆಯ ಮೇಜು, ಅದರ ಆಚೆ ನಾಲ್ಕೈದು ಜನ. ಕನ್ನಡಕದ ಹಿರಿಯರೊಬ್ಬರು ಕೇಳಿದರು: ಉಪಗ್ರಹದಲ್ಲಿ ಕೂರಿಸಿದ ಉಪಕರಣ ಹಾರಿಹೋದ ಮೇಲೆ ಕೈಗೆ ಸಿಗುವುದಿಲ್ಲ, ವರ್ಷ ಕಳೆದಂತೆ ಮಂಕಾಗುತ್ತದೆ, ಅದು ಮಂಕಾಗಿದೆಯೋ, ಕೆಳಗಿನ ನೆಲವೇ ಕಪ್ಪಾಗಿದೆಯೋ, ಹೇಗೆ ಹೇಳುತ್ತೀರಿ? ನಾನು ಬೋರ್ಡಿನ ಹತ್ತಿರ ಹೋಗಿ ಸಮೀಕರಣ ಬರೆದೆ. ಸರಿಯಾಗಿಯೇ ಬರೆದೆ. ಅವರು ತಲೆಯಾಡಿಸಿ, "ಇತ್ತೀಚೆಗೆ ನೀವೇ ಕೈಯಾರೆ ಏನನ್ನಾದರೂ ಅಳೆದಿದ್ದೀರಾ?" ಎಂದರು. ಶಾಲೆಯ ಪ್ರಯೋಗಾಲಯದಲ್ಲಿ ಸಾಮಾನು ಕಡಿಮೆ ಎಂದೇನೋ ಹೇಳಿದೆ. ಹೇಳುತ್ತಿರುವಾಗಲೇ ಅದು ಉತ್ತರವಲ್ಲ ಎಂದು ನನಗೇ ಗೊತ್ತಾಗುತ್ತಿತ್ತು.

ಆಮೇಲೆ ಅವಳು ಹೋದಳು. ಒಳಗೆ ಬಹಳ ಹೊತ್ತು ಇದ್ದಳು. ಒಂದು ಸಲ ಎಲ್ಲರೂ ನಕ್ಕ ಸದ್ದು ಬಾಗಿಲಾಚೆ ಕೇಳಿಸಿತು. ಹೊರಗೆ ಬಂದವಳನ್ನು ಏನು ಕೇಳಿದರು ಎಂದು ವಿಚಾರಿಸಿದೆ.

"ನಿಮ್ಮನ್ನ ಕೇಳಿದ್ನೇ ಕೇಳಿದ್ರು. ನಾನು ಮಗಳಿಗೆ ಜ್ವರ ಬಂದಾಗಿನ ಕತೆ ಹೇಳ್ದೆ."

ಮಗಳಿಗೆ ಜ್ವರ ಬಂದಾಗ ಮನೆಯಲ್ಲಿದ್ದ ಎರಡು ಥರ್ಮಾಮೀಟರುಗಳು ಬೇರೆ ಬೇರೆ ತೋರಿಸಿದ್ದವು. ಅವಳು ಮೂರನೆಯದನ್ನು ತರಿಸಿ, ಮೂರನ್ನೂ ಉಗುರುಬೆಚ್ಚಗಿನ ನೀರಿನ ಲೋಟದಲ್ಲಿ ಒಟ್ಟಿಗೆ ಇಟ್ಟು, ಯಾವುದು ದಾರಿ ತಪ್ಪಿದೆ ಎಂದು ಕಂಡುಹಿಡಿದಿದ್ದಳು. ಆಗ ನಾನು ನಕ್ಕಿದ್ದೆ. ಅದು ನನ್ನ ಮನೆಯೇ, ನನ್ನ ಮಗಳೇ, ಮೂರನೆಯ ಥರ್ಮಾಮೀಟರನ್ನು ಮೆಡಿಕಲ್ ಅಂಗಡಿಯಿಂದ ತಂದವನೂ ನಾನೇ. ಆ ಕತೆ ನನ್ನ ಬಾಯಿಗೆ ಯಾಕೆ ಬರಲಿಲ್ಲ ಎಂದು ವಾಪಸು ಬರುವ ಬಸ್ಸಿನ ಉದ್ದಕ್ಕೂ ಯೋಚಿಸಿದೆ. ಅವಳು ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಳು.

ಸೀಟು ಅವಳಿಗೆ ಸಿಕ್ಕಿತು.

ಸುದ್ದಿ ಬಂದ ದಿನ ನಾನು ಮಾಡಬೇಕಾದ್ದನ್ನೆಲ್ಲ ಮಾಡಿದೆ. ಅಂಗಡಿಗೆ ಹೋಗಿ ಮೈಸೂರುಪಾಕು ತಂದೆ. ಅಕ್ಕಪಕ್ಕದವರಿಗೆ ಹಂಚಿದೆ. ಅವಳು "ನಿಮಗೆ ಬರ್ಬೇಕಿತ್ತು" ಎಂದಳು. ನಾನು "ಯಾರಿಗೆ ಬಂದ್ರೇನು, ಮನೆಗೇ ಬಂತಲ್ಲ" ಎಂದೆ. ಎಷ್ಟು ಚೆನ್ನಾಗಿ ಹೇಳಿದೆನೆಂದರೆ ಅಕ್ಕಪಕ್ಕದವರು ನನ್ನನ್ನು ಹೊಗಳಿದರು. ನನ್ನ ಪಾಲಿನ ಮೈಸೂರುಪಾಕನ್ನು ಮಾತ್ರ ಮಗಳಿಗೆ ಕೊಟ್ಟುಬಿಟ್ಟೆ.

ಅವಳು ಹೋಗುವುದೋ ಬೇಡವೋ ಎಂದು ಅನುಮಾನಿಸುತ್ತಿದ್ದಾಗ ಅದನ್ನು ತೀರ್ಮಾನಿಸಿದವಳು ನನ್ನ ಅವ್ವ. ಅವ್ವ ಕಾಮಗೆರೆಯವಳು, ಶಾಲೆಯ ಮುಖ ಹೆಚ್ಚು ಕಂಡವಳಲ್ಲ. ಮಗುವಿನ ಗತಿಯೇನು ಎಂದು ನಾನು ಮೆಲ್ಲಗೆ ಎತ್ತಿದ ಮಾತಿಗೆ ಅವಳು, "ಅದ್ಯಾಕ್ಲಾ ಅಂಗಂತೀಯ? ನಾನು ಸತ್ತೋಗಿವ್ನಾ? ನಿನ್ನ ಸಾಕ್ದೋಳು ನಿನ್ನ ಮಗೀನ ಸಾಕ್ನಾರ್ನಾ? ಓಗ್ಲಿ ಬುಡು ಅವ್ಳು" ಎಂದಳು. ಮಗುವಿನ ನೆಪ ಅಲ್ಲಿಗೆ ಮುಗಿಯಿತು. ನನ್ನ ಹತ್ತಿರ ಬೇರೆ ನೆಪವೂ ಇರಲಿಲ್ಲ.

ಅವಳು ಬೆಂಗಳೂರಿನ ಹಾಸ್ಟೆಲು ಸೇರಿ, ರಜೆ ಸಿಕ್ಕಾಗ ಊರಿಗೆ ಬರತೊಡಗಿದಳು. ಹೊಟ್ಟೆಕಿಚ್ಚು ಎಂಬುದು ಒಂದೇ ಸಲ ಉರಿಯುತ್ತದೆ ಎಂದುಕೊಂಡಿದ್ದೆ. ಅದು ಹಾಗಲ್ಲ, ಸಣ್ಣ ಸಣ್ಣ ಮಾತಿಗೆ ಹತ್ತಿಕೊಳ್ಳುತ್ತದೆ. ಅವಳು "ನಮ್ಮ" ಎಂದರೆ ಮೊದಲು ಈ ಮನೆ ಎಂದಿತ್ತು. ಈಗ "ನಮ್ಮ ಲ್ಯಾಬು", "ನಮ್ಮ ಸರ್ರು", "ನಮ್ಮ ಉಪಕರಣ". ಒಂದು ರಾಶಿ ಹೊಸ ಪದಗಳನ್ನು ಕಲಿತು ಬರುತ್ತಿದ್ದಳು. ನಾನು ಅರ್ಥ ಕೇಳುತ್ತಿರಲಿಲ್ಲ, ಅವಳು ಸ್ನಾನಕ್ಕೆ ಹೋದಾಗ ಮೊಬೈಲಿನಲ್ಲಿ ಹುಡುಕಿ ಓದುತ್ತಿದ್ದೆ. ಶಾಲೆಯಲ್ಲಿ ಸಹೋದ್ಯೋಗಿಯೊಬ್ಬರು, "ಏನ್ಸಾ, ನಿಮ್ಮನೆ ಮೇಡಮ್ಮು ಡಾಕ್ಟ್ರಾಯ್ತಾರಂತಲ್ಲ" ಎಂದರೆ ನಗುತ್ತಿದ್ದೆ. ಮಗಳು ತನ್ನ ಗೆಳತಿಯರಿಗೆ "ನಮ್ಮಮ್ಮ ಸ್ಯಾಟಲೈಟ್ ಡಾಕ್ಟ್ರು" ಎಂದು ಹೇಳಿದ್ದು ಕೇಳಿ, "ಇನ್ನೂ ಆಗಿಲ್ಲ, ಓದ್ತಾ ಇದ್ದಾರೆ ಅನ್ನು" ಎಂದು ತಿದ್ದಿದೆ. ಅಷ್ಟು ಚಿಕ್ಕ ಮಗುವನ್ನು.

ಎರಡನೆಯ ವರ್ಷದ ಬೇಸಿಗೆಯ ಶುರುವಿನಲ್ಲಿ ಅವಳ ಕೆಲಸ ನಮ್ಮ ಕಡೆಗೇ ಬಂತು. ಕಬ್ಬಿನ ಗದ್ದೆ ಮತ್ತು ಬತ್ತಿದ ಕೆರೆಯ ಅಂಗಳ ಎರಡೂ ಹತ್ತಿರ ಹತ್ತಿರ ಇರುವ ಜಾಗ ಅವರಿಗೆ ಬೇಕಿತ್ತು. ಅವಳೇ ಕುಂತೂರು ಮತ್ತು ಯಳಂದೂರಿನ ಹೆಸರು ಹೇಳಿದ್ದಳು. ಅವಳ ಮಾರ್ಗದರ್ಶಕರು ತಂಡದ ಜೊತೆ ಜೀಪಿನಲ್ಲಿ ಬಂದರು. ಸಂದರ್ಶನದಲ್ಲಿ ನನ್ನನ್ನು ಪ್ರಶ್ನೆ ಕೇಳಿದ್ದ ಕನ್ನಡಕದವರೇ. ಅವರಿಗೆ ನನ್ನ ಗುರುತು ಸಿಗಲಿಲ್ಲ. ಅವಳು "ಇವರು ನಮ್ಮ ಯಜಮಾನ್ರು" ಎಂದಾಗ ಕೈ ಕುಲುಕಿ, "ಬಹಳ ಸಹಕಾರ ಕೊಡ್ತೀರಂತೆ, ಒಳ್ಳೇದು" ಎಂದರು.

ಕುಂತೂರಿನ ಗದ್ದೆಯ ಬದುವಿನ ಮೇಲೆ ಅವರು ಸಾಮಾನು ಇಳಿಸಿದರು. ಬೆನ್ನಿಗೆ ಹಾಕಿಕೊಳ್ಳುವ ಚೀಲದಂಥ ಒಂದು ಉಪಕರಣ. ಅದರಿಂದ ಹೊರಟ ತೆಳ್ಳನೆಯ ಕಪ್ಪು ವೈರನ್ನು ಬೆಳೆಯ ಮೇಲೆ ಹಿಡಿದರೆ, ಅಲ್ಲಿಂದ ಬರುವ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ಅಳೆಯುತ್ತದೆ. ಜೊತೆಗೆ ಹೋಳಿಗೆ ತಟ್ಟೆಯಷ್ಟಗಲದ ಒಂದು ಬಿಳಿ ಫಲಕ. ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಹೆಚ್ಚುಕಡಿಮೆ ಹಾಗೆಯೇ ವಾಪಸು ಕೊಡುವ ವಸ್ತುವಿನದು. ಪ್ರತಿ ಸಲವೂ ಮೊದಲು ಆ ಬಿಳಿಯನ್ನು ಅಳೆದು, ಆಮೇಲೆ ಕಬ್ಬನ್ನು ಅಳೆಯಬೇಕು. ಬಿಳಿಗೆ ಹೋಲಿಸಿದರೆ ಕಬ್ಬು ಎಷ್ಟು ಎಂಬುದೇ ಲೆಕ್ಕ. ಉಪಗ್ರಹ ನೆತ್ತಿಯ ಮೇಲೆ ಹಾದುಹೋಗುವ ಹೊತ್ತಿಗೆ ಸರಿಯಾಗಿ ಇವೆಲ್ಲ ನಡೆಯಬೇಕು. ಎಲ್ಲ ಅಳತೆಗೂ ಆ ಫಲಕವೇ ಆಧಾರವಾದ್ದರಿಂದ ಯಾರೂ ಅದನ್ನು ಬೆರಳಿನಿಂದ ಮುಟ್ಟುವಂತಿರಲಿಲ್ಲ.

ಗದ್ದೆಯ ರೈತ ನೇರ ನನ್ನ ಹತ್ತಿರ ಬಂದ. "ಏನ್ಸಾ ಇದು, ಕಬ್ಬಿಗೆ ಬಿಪಿ ನೋಡಾದಾ?" ಎಂದ.

ಅವನ ಕಣ್ಣಿಗೆ ನಾನೇ ವಿಜ್ಞಾನಿಯಾಗಿ ಕಂಡಿದ್ದೆ. ನಾನು ಅವನಿಗೆ ಎಲ್ಲವನ್ನೂ ವಿವರಿಸಿದೆ. ಉಪಗ್ರಹ, ಬೆಳಕು, ಕಬ್ಬಿನ ಹಸಿರು, ಎಲ್ಲ. "ನಾವು ಅಳೀತೀವಿ", "ನಾವು ತಾಳೆ ನೋಡ್ತೀವಿ" ಎಂದೆ. ಅವನು ಭಕ್ತಿಯಿಂದ ಕೇಳಿ, "ಅಂಗಾರೆ ಆ ಅಮ್ಮ ನಿಮ್ಮ ಅಸಿಸ್ಟೆಂಟಾ ಸಾ?" ಎಂದ. ಅವಳು ಅಲ್ಲೇ ಬೆನ್ನಿಗೆ ಚೀಲ ಹೊತ್ತು ನಿಂತಿದ್ದಳು, ಕೇಳಿಸದಿರಲು ಸಾಧ್ಯವೇ ಇಲ್ಲ. ತಲೆಯೆತ್ತಲಿಲ್ಲ. ನಾನೂ ಇಲ್ಲ ಎನ್ನಲಿಲ್ಲ.

ಅಷ್ಟರಲ್ಲಿ ಅವಳ ಸರ್ರು ಕೂಗಿದರು. "ಮೇಷ್ಟ್ರೇ, ಸ್ವಲ್ಪ ಆ ಕಡೆ ಹೋಗ್ತೀರಾ? ನಿಮ್ಮ ಷರ್ಟು ಬಿಳಿ ಇದೆ. ಅದರ ಬೆಳಕು ಫಲಕದ ಮೇಲೆ ಬೀಳ್ತಾ ಇದೆ, ಅಳತೆ ಕೆಡುತ್ತೆ."

ಆಗ ನೋಡಿದೆ, ಅವರೆಲ್ಲ ಕಪ್ಪು ಬಟ್ಟೆ ತೊಟ್ಟಿದ್ದರು. ಅವಳೂ ಕಡುನೀಲಿ ಚೂಡಿದಾರದ ಮೇಲೆ ಕಪ್ಪು ಕೋಟು ಹಾಕಿದ್ದಳು. ಮನೆಯಿಂದ ಹೊರಡುವಾಗ ನನಗೆ ಹೇಳಬಹುದಿತ್ತು. ಹೇಳುವುದು ಮರೆತುಹೋಯಿತು ಎಂದು ಆಮೇಲೆ ಹೇಳಿದಳು. ನಾನು ಬದುವಿನ ಉದ್ದಕ್ಕೂ ನಡೆದು, ಕಬ್ಬು ತುಂಬಿದ ಟ್ರಾಕ್ಟರೊಂದು ನಿಂತಿದ್ದ ರಸ್ತೆಯವರೆಗೆ ಹೋದೆ. ಅಲ್ಲಿಂದ ಅವಳು ಚಿಕ್ಕದಾಗಿ ಕಾಣುತ್ತಿದ್ದಳು. ವೈರು ಹಿಡಿದ ಕೈ ಮಾತ್ರ ಒಂದಿಷ್ಟೂ ಅಲುಗುತ್ತಿರಲಿಲ್ಲ. ಮನೆಯಲ್ಲಿ ಒಗ್ಗರಣೆ ಹಾಕುವಾಗ ಎಷ್ಟೋ ಸಲ ಎಣ್ಣೆ ಚೆಲ್ಲುವ ಕೈ ಅದು. ನನಗೆ ಅವಳು ಪರಕೀಯಳಂತೆ ಕಂಡಳು. ಅಷ್ಟೇ ಅಲ್ಲ, ಬಹಳ ಚೆಲುವೆಯಾಗಿ ಕಂಡಳು. ಎರಡೂ ಸೇರಿ ನನಗೆ ಇನ್ನಷ್ಟು ಸಂಕಟವಾಯಿತು.

ಅದೇ ವರ್ಷದ ನವರಾತ್ರಿಗೆ ಅವಳು ಉಪಕರಣಗಳ ಸಮೇತ ಒಬ್ಬಳೇ ಬಂದಳು. ಮಳೆ ನಿಂತು ಆಕಾಶ ತೊಳೆದಂತಿತ್ತು. ಹಬ್ಬ ಮುಗಿದ ಮಾರನೆಯ ದಿನದಿಂದ ಅಳತೆ ಶುರು ಮಾಡುವುದೆಂದು ಎಲ್ಲವನ್ನೂ ಅಟ್ಟದ ಕೋಣೆಯಲ್ಲಿ ಇಟ್ಟಿದ್ದಳು. ಆಯುಧಪೂಜೆಯ ದಿನ ನಾವಿಬ್ಬರೂ ಮಗಳಿಗೆ ಬಟ್ಟೆ ತರಲು ಪೇಟೆಗೆ ಹೋಗಿದ್ದೆವು. ಬರುವಷ್ಟರಲ್ಲಿ ಅವ್ವ ನನ್ನ ಬೈಕು, ಹೊಲಿಗೆ ಮಿಷನ್ನು, ಮಿಕ್ಸಿ, ಕುಡುಗೋಲು, ಎಲ್ಲಕ್ಕೂ ಪೂಜೆ ಮುಗಿಸಿದ್ದಳು. ನಡುಮನೆಯ ಮಣೆಯ ಮೇಲೆ, ಚೆಂಡುಹೂವಿನ ನಡುವೆ, ಪೆಟ್ಟಿಗೆಯಿಂದ ಹೊರಬಂದ ಬಿಳಿ ಫಲಕ ಕುಳಿತಿತ್ತು. ಅದರ ಮೇಲೆ ಅಡ್ಡಕ್ಕೆ ಮೂರು ಬೆರಳಿನ ವಿಭೂತಿ, ನಡುವೆ ಅರಿಸಿನ, ಅರಿಸಿನದ ಮೇಲೆ ಕುಂಕುಮ.

ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟಳು.

ಆ ಗಳಿಗೆಯಲ್ಲಿ ನನಗೆ ಏನಾಯಿತು ಎಂಬುದನ್ನು ಮುಚ್ಚಿಟ್ಟರೆ ಇದನ್ನು ಬರೆಯುವುದೇ ದಂಡ. ನನಗೆ ಸಂತೋಷವಾಯಿತು. ಬೇಸಿಗೆಯಲ್ಲಿ ತಣ್ಣೀರು ಕುಡಿದಂಥ ಸಂತೋಷ. ಮುಖದ ಮೇಲೆ ಬರಬಾರದೆಂದು ಬಗ್ಗಿ ಚಪ್ಪಲಿ ಬಿಚ್ಚತೊಡಗಿದೆ.

"ಯಾಕವ್ವ, ಅಂಗ್ ನಿಂತ್ಕಂಡೆ?" ಎಂದಳು ಅವ್ವ. "ಎಲ್ಲ ಸಾಮಾನ್ಗೂ ಇಕ್ಕಿವ್ನಿ. ನೀನು ಅನ್ನ ತಿನ್ನಾ ಸಾಮಾನು ಅದು, ಅದೊಂದ್ಕೆ ಇಕ್ದೆ ಬುಟ್ರೆ ಆಯ್ತದಾ?"

ಹೆಂಡತಿ ಚಪ್ಪಲಿ ಬಿಟ್ಟು ಒಳಗೆ ಬಂದು, "ಒಳ್ಳೇದಾಯ್ತು ಬುಡಿ ಅತ್ತೆ" ಎಂದಳು. ಮಣೆಯ ಮುಂದೆ ಕೂತು ಕೈಮುಗಿದಳು. ಮಂಗಳಾರತಿ ಆಗುವವರೆಗೂ ಕೂತಿದ್ದಳು. ಆಮೇಲೆ ಫಲಕದ ಅಂಚು ಹಿಡಿದು ಎತ್ತಿಕೊಂಡು ಹಿತ್ತಿಲಿಗೆ ಹೋಗಿ, ಒಗೆಯುವ ಕಲ್ಲಿನ ಹತ್ತಿರ ನಿಂತು ತನ್ನ ಸರ್‌ಗೆ ಫೋನು ಮಾಡಿದಳು. ಬೈಗುಳ ಬೀಳುತ್ತದೆ ಎಂದು ನಾನು ಬಾಗಿಲ ಹಿಂದೆ ನಿಂತು ಕೇಳಿದೆ. ಹೌದು, ಕೇಳುವುದಕ್ಕೇ ನಿಂತೆ. ಆ ಕಡೆಯ ಮಾತು ಕೇಳಿಸಲಿಲ್ಲ. ಅವಳು ಒಂದೆರಡು ಸಲ "ಸಾರಿ ಸರ್" ಎಂದಳು, ಆಮೇಲೆ ಬರೀ "ಆಯ್ತು ಸರ್, ಆಯ್ತು ಸರ್".

ಫೋನು ಇಟ್ಟು, ಬಾಗಿಲ ಹಿಂದಿದ್ದ ನನ್ನ ಕಡೆ ತಿರುಗಿ, "ಪೇಂಟ್ ಅಂಗಡೀಲಿ ನಯವಾಗಿರೋ ವಾಟರ್ ಪೇಪರ್ ಸಿಗುತ್ತಲ್ಲ, ತಂದ್ಕೊಡಿ" ಎಂದಳು. "ಹಂಗೇ ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್. ನೀರು ಹಾಕಿ ಮೇಲಿನ ಪದರ ಉಜ್ಜಿ ತೆಗೀಬೇಕಂತೆ."

ಹಬ್ಬದ ದಿನ ಅಂಗಡಿಗಳೆಲ್ಲ ಪೂಜೆಯಲ್ಲಿದ್ದವು. ಸುತ್ತಾಡಿ, ಗುರುತಿನವರನ್ನು ಕಾಡಿ ತಂದೆ. ಸಂಜೆಯ ಬಿಸಿಲಿನಲ್ಲಿ ಇಬ್ಬರೂ ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತೆವು. ಅವಳು ಫಲಕ ಹಿಡಿದು ನೀರು ಬಿಡುತ್ತಿದ್ದಳು, ನಾನು ಉಜ್ಜುತ್ತಿದ್ದೆ. ವಿಭೂತಿ ಒಂದೇ ಸಲಕ್ಕೆ ಹೋಯಿತು. ಅರಿಸಿನ ಬಿಡಲಿಲ್ಲ.

"ನಿಮಗೆ ಖುಷಿಯಾಯ್ತಲ್ವಾ?" ಎಂದಳು, ನೀರಿನ ಕಡೆ ನೋಡುತ್ತಲೇ.

"ಯಾವುದಕ್ಕೆ?"

"ಇದಕ್ಕೆ. ಚಪ್ಪಲಿ ಬಿಚ್ಚೋವಾಗ ನೋಡ್ದೆ ನಾನು ನಿಮ್ಮ ಮುಖ."

ಅರಿಸಿನ ಇದ್ದ ಕಡೆಯೇ ಉಜ್ಜುತ್ತ, "ಸ್ವಲ್ಪ ಆಯ್ತು" ಎಂದೆ.

"ಗೊತ್ತು. ಸೀಟು ಬಂದಾಗಿಂದ ನೋಡ್ತಾನೇ ಇದ್ದೀನಿ. ನೀವು ಬಾಯ್ಬಿಟ್ಟು ಬೈದಿದ್ರೆ ನಾನೂ ಬೈದು ಸುಮ್ನಾಗ್ತಿದ್ದೆ. ನಿಮ್ಮ ಮೈಸೂರುಪಾಕಿಗೆ ಏನಂತ ಬೈಯೋದು?"

"ಬೇಜಾರಾ?"

"ಬೇಜಾರೇ. ನಿಮ್ ಜಾಗದಲ್ಲಿ ನಾನಿದ್ರೂ ಹಿಂಗೇ ಆಗ್ತಿತ್ತೋ ಏನೋ. ಆದ್ರೆ ನನಗೆ ಬೇಜಾರು ಅನ್ನೋದು ನಿಮಗೆ ಗೊತ್ತಿರ್ಲಿ." ಆಮೇಲೆ ಅದೇ ದನಿಯಲ್ಲಿ, "ಒಂದೇ ಕಡೆ ಉಜ್ಜಬೇಡಿ, ಗುಳಿ ಬೀಳುತ್ತೆ. ದುಂಡಗೆ ಉಜ್ಜಿ" ಎಂದಳು.

ನಾನು ದುಂಡಗೆ ಉಜ್ಜಿದೆ. ಕತ್ತಲಾಗುವ ಮುಂಚೆ ಫಲಕ ಮತ್ತೆ ಬೆಳ್ಳಗಾಯಿತು, ನಮ್ಮ ಕಣ್ಣಿಗೆ.

ಅವಳು ಆ ಸಲದ ಅಳತೆಯನ್ನು ಕೈಬಿಟ್ಟು ಬೆಂಗಳೂರಿಗೆ ಹೋದಳು. ಲ್ಯಾಬಿನಲ್ಲಿದ್ದ, ಹೊರಗೆ ತೆಗೆಯದ ಇನ್ನೊಂದು ಫಲಕದ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ, ನೀಲಿ ಬೆಳಕನ್ನು ಮಾತ್ರ ಇದು ಸ್ವಲ್ಪ ಕಡಿಮೆ ವಾಪಸು ಕೊಡುತ್ತಿತ್ತಂತೆ. ಅರಿಸಿನ ಒಳಗೇ ಉಳಿದಿತ್ತು. ಹಳದಿ ಎಂದರೆ ನೀಲಿಯನ್ನು ನುಂಗುವ ಬಣ್ಣ ತಾನೇ. ಮತ್ತೆ ಉಜ್ಜಿ, ಮತ್ತೆ ಅಳೆದು, ಕೊನೆಗೆ ಆ ಫಲಕಕ್ಕೆ ಹೊಸ ಲೆಕ್ಕವನ್ನೇ ಬರೆದರು. ಅವಳ ಕೆಲಸ ಒಂದು ಬೆಳೆಯಷ್ಟು ಹಿಂದೆ ಬಿತ್ತು.

ಕತೆ ಅಲ್ಲಿಗೆ ನಿಂತಿದ್ದರೆ ನನ್ನ ಹೊಟ್ಟೆಕಿಚ್ಚಿಗೂ ಒಂದಿಷ್ಟು ಸಮಾಧಾನ ಸಿಗುತ್ತಿತ್ತು. ಆದರೆ ಅವಳು ಅಷ್ಟಕ್ಕೇ ಬಿಡಲಿಲ್ಲ. ಅರಿಸಿನದಿಂದ ಹೀಗಾದರೆ ಹೊಲದ ಕೆಂಪು ಮಣ್ಣಿನ ಧೂಳಿನಿಂದ ಏನಾಗುತ್ತದೆ, ಕಬ್ಬಿನ ಗದ್ದೆಗೆ ಬೆಂಕಿ ಹಾಕಿದಾಗ ಹಾರಿಬರುವ ಕರಿಯಿಂದ ಏನಾಗುತ್ತದೆ ಎಂದು ಕೇಳತೊಡಗಿದಳು. ಫಲಕ ಕೊಳೆಯಾದದ್ದು ಕಣ್ಣಿಗೆ ಕಾಣುವ ಮುಂಚೆಯೇ ಅಳತೆ ಎಷ್ಟು ತಪ್ಪುತ್ತದೆ ಎಂದು ಪ್ರಯೋಗ ಮಾಡಿದಳು. ಅವಳ ಸರ್ರು ಅದನ್ನೇ ಪ್ರಬಂಧದ ಒಂದು ಅಧ್ಯಾಯ ಮಾಡು ಎಂದರು. ಒಂದು ಸಮ್ಮೇಳನದಲ್ಲಿ ಅದನ್ನು ಮಂಡಿಸಿ ಬಹುಮಾನ ತಂದಳು. ಅವ್ವನಿಗೆ ಅದನ್ನು ಹೇಳಿದಾಗ, "ನಾ ಏಳ್ನಿಲ್ವಾ? ಪೂಜೆ ಮಾಡುದ್ರೆ ಒಳ್ಳೇದೇ ಆಯ್ತದ ಕಣ್ಲಾ" ಎಂದು ಇಡೀ ಬೀದಿಗೆ ಕೇಳುವಂತೆ ಹೇಳಿದಳು. ನಾನು ಸಂತೋಷಪಟ್ಟ ಒಂದೇ ಒಂದು ಅನಾಹುತವೂ ಅವಳ ಪಾಲಿಗೆ ಲಾಭವಾಗಿ ಕೂತಿತ್ತು. ಹೀಗಾದರೆ ಮನುಷ್ಯ ಹೊಟ್ಟೆಕಿಚ್ಚಿಗಾದರೂ ಎಲ್ಲಿಗೆ ಹೋಗಬೇಕು?

ಮುಂದಿನ ಸಲ ಸಂಸ್ಥೆ ಅರ್ಜಿ ಕರೆದಾಗ ಜಾಹೀರಾತನ್ನು ಮೊದಲು ನೋಡಿದವಳು ಅವಳು. ನನಗೆ ಕಳಿಸಿದಳು, ಕೆಳಗೆ ಏನೂ ಬರೆದಿರಲಿಲ್ಲ. ಪರೀಕ್ಷೆ ಬರೆದೆ, ಪಾಸಾದೆ, ಸಂದರ್ಶನದಲ್ಲಿ ಹೋದ ಸಲಕ್ಕಿಂತ ಚೆನ್ನಾಗಿ ಮಾತಾಡಿದೆ. ಸಿಗಲಿಲ್ಲ. ಒಬ್ಬ ಚಿಕ್ಕ ವಯಸ್ಸಿನ ಹುಡುಗಿಗೆ ಸಿಕ್ಕಿತು. ವಿಚಿತ್ರವೆಂದರೆ ಆ ಹುಡುಗಿಯ ಮೇಲೆ ನನಗೆ ಏನೂ ಅನಿಸಲಿಲ್ಲ. ನನ್ನ ಕಿಚ್ಚೆಲ್ಲ ಒಬ್ಬಳಿಗೇ ಮೀಸಲಾಗಿತ್ತು. ಫೋನಿನಲ್ಲಿ ಹೆಂಡತಿಗೆ ಇದನ್ನು ಹೇಳಿದಾಗ, ಬಹಳ ಹೊತ್ತು ನಕ್ಕಳು. ನಾನೂ ನಕ್ಕೆ. ಕೆಲಸದಲ್ಲಿದ್ದುಕೊಂಡೇ ಪಿಎಚ್‌ಡಿ ಮಾಡಬಹುದಾದ ಇನ್ನೊಂದು ಕಡೆಯ ವಿವರ ಹುಡುಕಿ ಕಳಿಸಿದ್ದಾಳೆ. ಅಲ್ಲಿಗೂ ಹಾಕಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಈಗಲೂ ಅವಳು ಏನಾದರೂ ಹೊಸದು ಹೇಳಿದಾಗ ಮೊದಲು ಚುರುಕ್ ಎನ್ನುತ್ತದೆ. ಆದರೆ ಈಗ ಬಚ್ಚಿಡುವುದಿಲ್ಲ. "ಹೊಟ್ಟೆ ಉರೀತಾ ಇದೆ, ಸ್ವಲ್ಪ ತಡ್ಕೊ" ಎನ್ನುತ್ತೇನೆ. ಅವಳು ತಡೆದುಕೊಳ್ಳುತ್ತಾಳೆ. ಆಮೇಲೆ ಪದಗಳ ಅರ್ಥವನ್ನು ಅವಳನ್ನೇ ಕೇಳುತ್ತೇನೆ.

ಕಳೆದ ತಿಂಗಳು ಅವಳು ತಂಡದ ಜೊತೆ ಕಛ್‌ನ ಉಪ್ಪಿನ ಬಯಲಿಗೆ ಹೋದಳು. ಕಣ್ಣು ಹೋದಷ್ಟು ದೂರ ಒಂದೇ ಸಮನಾಗಿ ಬೆಳ್ಳಗಿರುವುದರಿಂದ ಉಪಗ್ರಹದ ಕಣ್ಣನ್ನು ಪರೀಕ್ಷಿಸಲು ಅದು ಒಳ್ಳೆಯ ನೆಲವಂತೆ. ಅಲ್ಲಿಂದ ಒಂದು ಫೋಟೋ ಕಳಿಸಿದಳು. ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ನನ್ನ ಕೈಯಿಂದ ಮೊಬೈಲು ತೆಗೆದುಕೊಂಡು ನೋಡಿದರು.

"ಇದೇನ್ಸಾ, ಹಿಮವಾ?"

"ಉಪ್ಪು. ಅದೆಲ್ಲ ಉಪ್ಪೇ."

"ನೀವೂ ಓಗಿದ್ರಾ?"

"ಇಲ್ಲ" ಎಂದೆ. "ಅವಳು ಹೋಗಿದ್ದಾಳೆ."

ಅವರು ವಾಪಸು ಕೊಟ್ಟ ಮೇಲೆ ನಾನು ಚಿತ್ರವನ್ನು ದೊಡ್ಡದು ಮಾಡಿ, ಆ ಬಿಳಿಯೊಳಗೆ ಕಪ್ಪು ಕೋಟು ತೊಟ್ಟು ನಿಂತಿರುವವರಲ್ಲಿ ಅವಳು ಯಾರು ಎಂದು ಹುಡುಕಿದೆ. ಎಲ್ಲರೂ ಒಂದೇ ಥರ ಕಾಣುತ್ತಿದ್ದರು. ಹತ್ತನೇ ತರಗತಿಗೆ ಹೊತ್ತಾಗಿತ್ತು, ಸೀಮೆಸುಣ್ಣ ತೆಗೆದುಕೊಂಡು ಹೊರಟೆ.